ನಿಂತ ಹೃದಯ ಕೆಮ್ಮಿದಾಗ ಮತ್ತೆ ಬಡಿಯಿತು: ಕೊರೊನರಿ ಆಂಜಿಯೋಗ್ರಾಂ ಜನಕ ಡಾ. ಮೇಸನ್ ಸೋನ್ಸ್ ಕಥೆ ಗೊತ್ತಾ?

ಮಣಿಕೊಂಡ (ಹೈದರಾಬಾದ್): ರಾಯಚೂರು, ಬೀದರ್, ಕಲಬುರಗಿ ಕಡೆಯಿಂದ ಮಕ್ಕಳ ಮನೆಗೆಂದು ಮಣಿಕೊಂಡಕ್ಕೆ ಬರುವ ಹಿರಿಯರಿದ್ದಾರೆ. ಎದೆ ಹಿಡಿದಂತಾಗಿ ಆಸ್ಪತ್ರೆಗೆ ಹೋದಾಗ ವೈದ್ಯರು ಆಂಜಿಯೋಗ್ರಾಂ ಮಾಡಿಸಲು ಹೇಳಿದರೆ, ಮೊದಲು ಕೈಗೆ ಬರುವುದು ಒಪ್ಪಿಗೆ ಪತ್ರ. ಡೈ ಹಾಕುವಾಗ ಹೃದಯ ಬಡಿತದಲ್ಲಿ ಏರುಪೇರಾಗಬಹುದು ಎಂಬ ಮಾತು ಕಿವಿಗೆ ಬಿದ್ದೊಡನೆ ಸಹಿ ಹಾಕುವ ಕೈ ಹಿಂಜರಿಯುತ್ತದೆ. ಈ ಭಯ ಸುಳ್ಳಲ್ಲ. 1958ರಲ್ಲಿ ಹಾಗೆ ಆಗಿತ್ತು ಕೂಡ. ಆದರೆ ಆ ಅವಘಡದಿಂದಲೇ ಇಂದಿನ ಆಂಜಿಯೋಗ್ರಾಂ ಹುಟ್ಟಿತು. ಅದಕ್ಕೆ ಕಾರಣರಾದವರು ಅಮೆರಿಕದ ಡಾ. ಮೇಸನ್ ಸೋನ್ಸ್.

ಯಾರು ಈ ಸೋನ್ಸ್?: ಫ್ರಾಂಕ್ ಮೇಸನ್ ಸೋನ್ಸ್ ಹುಟ್ಟಿದ್ದು 1918ರ ಅಕ್ಟೋಬರ್ 28ರಂದು, ಮಿಸಿಸಿಪ್ಪಿ ರಾಜ್ಯದ ನಾಕ್ಸಪೇಟರ್ ಎಂಬ ಪುಟ್ಟ ಊರಿನಲ್ಲಿ. 1943ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. 1950ರಲ್ಲಿ ಓಹಿಯೋದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸೇರಿ ಮಕ್ಕಳ ಹೃದ್ರೋಗ ವಿಭಾಗದ ಜೊತೆಗೆ ಕ್ಯಾಥ್ ಲ್ಯಾಬ್ ಹೊಣೆಯನ್ನೂ ಹೊತ್ತರು. ಕೆಲಸದಲ್ಲಿ ಪಟ್ಟುಬಿಡದ ಹಠ, ಮಾತಿನಲ್ಲಿ ಒರಟು, ಬೆರಳ ಸಂದಿಯಲ್ಲಿ ಸದಾ ಸಿಗರೇಟ್. ಲ್ಯಾಬ್‌ನಲ್ಲಿ ಗ್ಲೌಸ್ ಹಾಕಿದ ಕೈ ಮಲಿನವಾಗಬಾರದೆಂದು ಸಿಗರೇಟನ್ನು ಇಕ್ಕಳದಲ್ಲಿ ಹಿಡಿದು ಸೇದುತ್ತಿದ್ದರು ಎಂದು ಅವರನ್ನು ಬಲ್ಲವರು ನೆನೆಯುತ್ತಾರೆ.

ಆ ದಿನ ಆಗಿದ್ದೇನು?: 1958ರ ಅಕ್ಟೋಬರ್ 30. ಸೋನ್ಸ್ 40 ತುಂಬಿ ಎರಡೇ ದಿನವಾಗಿತ್ತು. ಹೃದಯದ ಕವಾಟದ ತೊಂದರೆಯಿದ್ದ 26 ವರ್ಷದ ಯುವಕನ ಮಹಾಪಧಮನಿಯ ಎಕ್ಸ್-ರೇ ಚಿತ್ರ ತೆಗೆಯಬೇಕಿತ್ತು. ಚಿತ್ರ ನೋಡಲೆಂದು ಸೋನ್ಸ್ ಟೇಬಲ್ ಕೆಳಗಿನ ಗುಂಡಿಯಲ್ಲಿ ಕುಳಿತಿದ್ದರು. ಮೇಲೆ ಸಹಾಯಕ ವೈದ್ಯರು ಕಾಂಟ್ರಾಸ್ಟ್ ದ್ರವ ಹರಿಸಲು ಶುರುಮಾಡಿದರು. ಆ ಹೊತ್ತಿಗೆ ಕ್ಯಾಥೆಟರ್‌ನ ತುದಿ ಜಾರಿ ಹೃದಯದ ಬಲ ರಕ್ತನಾಳದೊಳಗೆ ಸೇರಿಬಿಟ್ಟಿತ್ತು. ಇಡೀ ಮಹಾಪಧಮನಿಗೆಂದು ಇಟ್ಟಿದ್ದ ದ್ರವದಲ್ಲಿ ಸುಮಾರು 30 ಮಿಲಿಲೀಟರ್ ಆ ಸಣ್ಣ ನಾಳಕ್ಕೆ ನುಗ್ಗಿತು.

ಪರದೆಯ ಮೇಲೆ ರಕ್ತನಾಳ ಸ್ಪಷ್ಟವಾಗಿ ಕಂಡೊಡನೆ ಸೋನ್ಸ್ ಎದೆ ಝಲ್ ಎಂದಿತು. ಕ್ಯಾಥೆಟರ್ ಹೊರಗೆಳೆಯಲು ಕೂಗಿ, ಗುಂಡಿಯಿಂದ ಮೇಲೇರಿ ಬಂದರು. ಅಗತ್ಯ ಬಿದ್ದರೆ ಎದೆ ಸೀಳಿ ಹೃದಯಕ್ಕೆ ಶಾಕ್ ಕೊಡಬೇಕೆಂದು ಚಾಕುವಿಗಾಗಿ ಹುಡುಕಾಡಿದರು. ಆದರೆ ಇಸಿಜಿ ಬೇರೆಯದನ್ನೇ ಹೇಳುತ್ತಿತ್ತು. ಹೃದಯ ಅದುರುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಯುವಕನಿಗೆ ಇನ್ನೂ ಎಚ್ಚರವಿತ್ತು. ಜೋರಾಗಿ ಕೆಮ್ಮುವಂತೆ ಸೋನ್ಸ್ ಹೇಳಿದರು. ಮೂರ್ನಾಲ್ಕು ಬಾರಿ ಕೆಮ್ಮಿದ ಮೇಲೆ ಹೃದಯ ಮತ್ತೆ ಬಡಿಯತೊಡಗಿತು. ಮೊದಲು ನಿಧಾನವಾಗಿ, ಆಮೇಲೆ ಸರಿಯಾದ ಲಯದಲ್ಲಿ.

ಹೃದಯ ನಿಂತಿದ್ದೇಕೆ?: ಡೈ ಎಂದು ಕರೆದರೂ ಇದು ಬಣ್ಣವಲ್ಲ, ಅಯೋಡಿನ್ ಇರುವ ತಿಳಿ ದ್ರವ. ಅಯೋಡಿನ್ ಎಕ್ಸ್-ರೇಯನ್ನು ತಡೆಯುವುದರಿಂದ ರಕ್ತನಾಳದ ಆಕಾರ ಮೂಡುತ್ತದೆ. ಆಗಿನ ದ್ರವ ರಕ್ತಕ್ಕಿಂತ ತುಂಬಾ ಸಾಂದ್ರವಾಗಿತ್ತು. ಬಡಿತದ ಲಯ ಕಾಯುವ ಹೃದಯದ ಭಾಗಗಳಿಗೆ ಹೆಚ್ಚಿನವರಲ್ಲಿ ಬಲ ರಕ್ತನಾಳದಿಂದಲೇ ರಕ್ತ ಹೋಗುತ್ತದೆ. ಅಲ್ಲಿ ರಕ್ತದ ಬದಲು ಈ ದ್ರವ ತುಂಬಿದಾಗ ಬಡಿತ ನಿಂತಿತು. ಕೆಮ್ಮಿದಾಗ ಎದೆಯೊಳಗೆ ಒತ್ತಡ ಏರಿ, ರಕ್ತ ಮುಂದಕ್ಕೆ ತಳ್ಳಲ್ಪಟ್ಟು ನಾಳದಲ್ಲಿದ್ದ ದ್ರವ ತೊಳೆದುಹೋಯಿತು.

ಅವಘಡದಿಂದ ಕಲಿತ ಪಾಠ: ಹೃದಯದ ರಕ್ತನಾಳಕ್ಕೆ ನೇರವಾಗಿ ಕಾಂಟ್ರಾಸ್ಟ್ ಹಾಕಿದರೆ ಸಾವು ಖಚಿತ ಎಂದು ಅಲ್ಲಿಯವರೆಗೆ ವೈದ್ಯರು ನಂಬಿದ್ದರು. ಅಷ್ಟೊಂದು ದ್ರವ ಹೋದ ಮೇಲೂ ಯುವಕ ಬದುಕಿದ. ಹಾಗಾದರೆ ಕಡಿಮೆ ಪ್ರಮಾಣದಲ್ಲಿ, ತೆಳುವಾಗಿ ಹಾಕಿದರೆ ತಡೆದುಕೊಳ್ಳಬಹುದಲ್ಲವೇ ಎಂಬುದು ಸೋನ್ಸ್ ತರ್ಕ. ತುದಿ ಸಣ್ಣಗಿರುವ ಹೊಸ ಕ್ಯಾಥೆಟರ್ ರೂಪಿಸಿ, ಮೊಣಕೈ ಬಳಿಯ ರಕ್ತನಾಳದಿಂದ ಅದನ್ನು ಹೃದಯದವರೆಗೆ ಒಯ್ದರು. ಬಡಿಯುವ ಹೃದಯದ ನಾಳಗಳನ್ನು ಸಿನಿಮಾ ಫಿಲ್ಮ್‌ನಲ್ಲಿ ಸೆರೆಹಿಡಿದರು. 1962ರಲ್ಲಿ ಸಹೋದ್ಯೋಗಿ ಅರ್ಲ್ ಶೈರಿ ಜೊತೆ ಈ ವಿಧಾನದ ವಿವರ ಪ್ರಕಟಿಸಿದರು.

ಬ್ಲಾಕ್ ಎಲ್ಲಿದೆ ಎಂದು ಕಣ್ಣಿಗೆ ಕಂಡ ಮೇಲೆ ಚಿಕಿತ್ಸೆಯ ದಾರಿಯೂ ತೆರೆಯಿತು. 1967ರಲ್ಲಿ ಅದೇ ಕ್ಲಿನಿಕ್‌ನಲ್ಲಿ ಅರ್ಜೆಂಟೀನಾದ ರೆನೆ ಫವಲೋರೊ ಕಾಲಿನ ರಕ್ತನಾಳ ಬಳಸಿ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿದರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಬಲೂನ್ ಆಂಜಿಯೋಪ್ಲಾಸ್ಟಿ ನಡೆಸಿದರು.

ಕೊನೆಯ ದಿನಗಳು: 1983ರಲ್ಲಿ ಸೋನ್ಸ್ ಅವರಿಗೆ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಸಂದಿತು. ಎರಡೇ ವರ್ಷಕ್ಕೆ, 1985ರ ಆಗಸ್ಟ್ 28ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಕೊನೆಯುಸಿರೆಳೆದರು. ಆಗ ಅವರಿಗೆ 66 ವರ್ಷ. ಪರರ ಹೃದಯದ ಒಳಗನ್ನು ತೆರೆದು ತೋರಿಸಿದ ವೈದ್ಯರಿಗೆ ತಮ್ಮ ಕೈಯ ಸಿಗರೇಟ್ ಬಿಡಲಾಗಲಿಲ್ಲ.

ಈಗ ಭಯ ಬೇಕೇ?: ಇಂದು ಬಳಸುವ ಕಾಂಟ್ರಾಸ್ಟ್ ದ್ರವ ಅಂದಿನಷ್ಟು ಸಾಂದ್ರವಲ್ಲ. ಹೃದಯದ ನಾಳಕ್ಕೆ ಒಂದು ಬಾರಿಗೆ ಹಾಕುವುದು ಕೆಲವೇ ಮಿಲಿಲೀಟರ್. ಇಸಿಜಿ, ರಕ್ತದೊತ್ತಡದ ಮೇಲೆ ಉದ್ದಕ್ಕೂ ಕಣ್ಣಿಟ್ಟಿರುತ್ತಾರೆ. ಕೆಲವರಿಗೆ ಮೈ ಬಿಸಿಯಾದಂತೆ, ವಾಕರಿಕೆ ಬಂದಂತೆ ಅನಿಸಬಹುದು; ಸಾಮಾನ್ಯವಾಗಿ ಬೇಗ ಹೋಗುತ್ತದೆ. ಅಲರ್ಜಿ, ಮೂತ್ರಪಿಂಡದ ತೊಂದರೆಯ ಅಪಾಯ ಪೂರ್ತಿ ಇಲ್ಲವಾಗಿಲ್ಲ. ಹಾಗಾಗಿ ಹಿಂದೆ ಡೈ ಒಗ್ಗದಿದ್ದರೆ, ಆಸ್ತಮಾ ಅಥವಾ ಕಿಡ್ನಿ ಸಮಸ್ಯೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಸಹಿಗೆ ಮೊದಲೇ ವೈದ್ಯರಿಗೆ ತಿಳಿಸಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಪರೀಕ್ಷೆಯ ನಡುವೆ ಬಡಿತ ನಿಧಾನವಾದರೆ ವೈದ್ಯರು ಜೋರಾಗಿ ಕೆಮ್ಮಲು ಹೇಳುವುದು ಇಂದಿಗೂ ಉಂಟು. ಹಾಗೆ ಹೇಳಿದರೆ ಗಾಬರಿಯಾಗದೆ ಕೆಮ್ಮಿ. 1958ರಲ್ಲಿ ಆ 26ರ ಯುವಕ ಮಾಡಿದ್ದೂ ಅದನ್ನೇ.