ಪಂಡಿತಾ ರಮಾಬಾಯಿಯವರ ಜೀವನಧರ್ಮ

ಮುಂಬಯಿಯಿಂದ ಕಲಬುರಗಿಯ ಕಡೆಗೆ ಹೋಗುವ ರೈಲುಗಾಡಿಯು ಪುಣೆಯನ್ನು ದಾಟಿ ದೌಂಡ್ ಜಂಕ್ಷನ್ನನ್ನು ಸೇರುವ ಮುನ್ನ ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣವನ್ನು ಹಾದುಹೋಗುತ್ತದೆ. ರಜೆಯಲ್ಲಿ ಊರಿಗೆ ಹೋಗಿಬರುವ ನಮ್ಮಲ್ಲಿ ಎಷ್ಟೋ ಮಂದಿ ಆ ನಿಲ್ದಾಣವನ್ನು ಕಂಡಿರಬಹುದು. ಆದರೆ ಅದರ ಹೆಸರನ್ನು ಗಮನಿಸಿದವರು ವಿರಳ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ದಿಕ್ಕಿಲ್ಲದ ಸಹಸ್ರಾರು ಹೆಣ್ಣುಮಕ್ಕಳಿಗೆ ಆ ಊರು ತವರುಮನೆಯಾಯಿತು. ಅದನ್ನು ತವರಾಗಿಸಿದವರು ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು. ಕ್ರಿಸ್ತನು ಬೋಧಿಸಿದ ಪ್ರೇಮ, ಕ್ಷಮೆ, ವಿನಯ, ಸೇವೆಗಳನ್ನು ನಿತ್ಯದ ದುಡಿಮೆಯಲ್ಲಿ ಬಾಳಿ ತೋರಿಸಿದ ಈ ಮಹಿಳೆಯ ಚರಿತ್ರೆಯನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಪ್ರದೇಶದವರು. ಸಂಸ್ಕೃತದಲ್ಲಿ ಗಾಢ ವಿದ್ವಾಂಸರು. ಅವರು ತರುಣರಾಗಿದ್ದಾಗ ಪುಣೆಯಲ್ಲಿ, ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡು ಬೆರಗಾದರು. ಹೆಣ್ಣಿಗೂ ಈ ವಿದ್ಯೆ ಸಾಧ್ಯವೆಂದಾದರೆ ತಮ್ಮ ಮನೆಯಲ್ಲಿಯೂ ಅದು ನಡೆಯಲೆಂದು ನಿಶ್ಚಯಿಸಿ, ಮುಂದೆ ಪತ್ನಿ ಲಕ್ಷ್ಮೀಬಾಯಿಗೆ ಪಾಠ ಹೇಳತೊಡಗಿದರು. ಬಂಧುಗಳೂ ಶಾಸ್ತ್ರಜ್ಞರೂ ಇದನ್ನು ಆಕ್ಷೇಪಿಸಿದಾಗ ಅವರು ತಮ್ಮ ಪಕ್ಷವನ್ನು ಶಾಸ್ತ್ರಾಧಾರಗಳಿಂದಲೇ ಸಮರ್ಥಿಸಿದರು. ಆಮೇಲೆ ಊರ ಗದ್ದಲದಿಂದ ದೂರ ಸರಿದು ತುಂಗಭದ್ರೆಯರ ಉಗಮಸ್ಥಾನವಾದ ಗಂಗಾಮೂಲದ ಅಡವಿಯಲ್ಲಿ ಆಶ್ರಮವನ್ನು ಕಟ್ಟಿದರು. ಅಲ್ಲಿ 1858ನೆಯ ಇಸವಿಯ ಏಪ್ರಿಲ್ 23ರಂದು ರಮೆ ಹುಟ್ಟಿದಳು. ಮಗುವಿಗೆ ಆರು ತಿಂಗಳಾಗಿದ್ದಾಗ ಆಶ್ರಮದ ಸ್ಥಿತಿ ಕೆಟ್ಟು ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿದ ಶಿಶುವನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವಿಳಿದನು. ಅಂದಿನಿಂದ ಆ ಮಗುವಿಗೆ ದಾರಿಯೇ ಮನೆಯಾಯಿತು.

ತಾಯಿಯೇ ಗುರು, ಛತ್ರ-ದೇವಾಲಯಗಳೇ ಶಾಲೆ. ಪುರಾಣಗಳನ್ನು ಓದಿ ಹೇಳುತ್ತ ಊರೂರು ಅಲೆಯುವ ಆ ಬಾಳಿನಲ್ಲಿಯೇ ರಮೆ ಸಹಸ್ರಾರು ಶ್ಲೋಕಗಳನ್ನು ಕಂಠಸ್ಥ ಮಾಡಿಕೊಂಡಳು. ಮನೆಮಾತಾದ ಮರಾಠಿಯ ಜೊತೆಗೆ ಕನ್ನಡವೂ ಹಿಂದಿಯೂ ಆಕೆಗೆ ಬಂದವು. ಆದರೆ ವಿದ್ಯೆಯ ಬೆನ್ನಿಗೇ ಹಸಿವೆಯೂ ಬಂದಿತು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತದಲ್ಲಿ ಕ್ಷಾಮ ತಲೆದೋರಿದಾಗ ಕುಟುಂಬದ ಕೈಯಲ್ಲಿದ್ದ ಹಣವೆಲ್ಲ ಮುಗಿಯಿತು. ಕಾಡಿನ ಎಲೆಗಳನ್ನು ತಿಂದು ದಿನ ನೂಕುವ ಸ್ಥಿತಿಯುಂಟಾಯಿತು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿಯೂ ಹಾಸಿಗೆ ಹಿಡಿದರು. ತಾಯಿಗಾಗಿ ನೆರೆಮನೆಯ ಬಾಗಿಲಲ್ಲಿ ನಿಂತ ರಮೆಗೆ ನಾಚಿಕೆಯಿಂದ ಮಾತೇ ಹೊರಡದೆ ಕಣ್ಣೀರು ಸುರಿಯಿತು. ಆ ಮನೆಯ ಗೃಹಿಣಿ ಕರುಣೆಯಿಂದ ಒಂದು ತುಂಡು ರೊಟ್ಟಿಯನ್ನು ಕೊಟ್ಟಳು. ಅದನ್ನು ತಿನ್ನುವಷ್ಟು ಶಕ್ತಿ ತಾಯಿಯಲ್ಲಿ ಉಳಿದಿರಲಿಲ್ಲ. ತಾಯಿ ತೀರಿಕೊಂಡಾಗ ಶವವನ್ನು ಹೊರಲು ಜನ ಸಾಲದೆ, ಇಬ್ಬರು ದಯಾಳುಗಳ ಜೊತೆಗೆ ಅಣ್ಣನೂ ತಂಗಿಯೂ ಹೆಗಲು ಕೊಡಬೇಕಾಯಿತು. ರಮೆಯ ಎತ್ತರ ಕಡಿಮೆಯಾದುದರಿಂದ ಚಟ್ಟದ ತನ್ನ ಕಡೆಯ ತುದಿಯನ್ನು ಆಕೆ ತಲೆಯ ಮೇಲೆ ಹೊತ್ತಳು. ಹಸಿದ ಒಬ್ಬ ಹುಡುಗಿಗೆ ಒಂದು ತುಂಡು ರೊಟ್ಟಿ ಎಂದರೇನೆಂಬುದನ್ನು ಮುಂದೆ ಆಕೆ ಎಂದೂ ಮರೆಯಲಿಲ್ಲ.

ಅಕ್ಕನೂ ತೀರಿಹೋದ ಮೇಲೆ ರಮೆ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿದರು. ಝೇಲಂ ನದಿಯ ದಂಡೆಯಲ್ಲಿ ಚಳಿಯನ್ನು ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ಮೈಮೇಲೆ ಮರಳನ್ನೇ ಹೊದ್ದು ಮಲಗಿದ ರಾತ್ರಿಗಳುಂಟು. 1878ರಲ್ಲಿ ಅವರು ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ತಲೆದೂಗಿ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನಿತ್ತರು. ಕೀರ್ತಿ ಬಂದ ಹಿಂದೆಯೇ ದುಃಖವೂ ಬಂದಿತು. 1880ರಲ್ಲಿ ಅಣ್ಣನು ಕಾಲವಶನಾದನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿ-ಪ್ರಾಂತಗಳ ಕಟ್ಟನ್ನು ಮೀರಿ ವಿವಾಹವಾದರು. ಮರುವರ್ಷ ಮನೋರಮಾ ಎಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ಕಾಲರಾ ಬೇನೆಗೆ ತುತ್ತಾದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ಅವರು ವಿಧವೆಯಾದರು, ಕೈಯಲ್ಲೊಂದು ಕೂಸು.

ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ 1882ರಲ್ಲಿ ಸರಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನೀಡಿ, ಹೆಣ್ಣುಮಕ್ಕಳಿಗೆ ಸ್ತ್ರೀ ಶಿಕ್ಷಕಿಯರೂ ಸ್ತ್ರೀ ವೈದ್ಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯಕೀಯವನ್ನು ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಕಿವಿಯ ಶಕ್ತಿ ಕುಂದುತ್ತಿದ್ದುದರಿಂದ ಆ ಆಸೆ ಕೈಗೂಡಲಿಲ್ಲ.

ಇಂಗ್ಲೆಂಡಿನಲ್ಲಿ ಅವರಿಗೆ ಆಶ್ರಯವಿತ್ತವರು ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರು. ಒಮ್ಮೆ ಅವರು ಲಂಡನ್ನಿನ ಫುಲಂ ಭಾಗದಲ್ಲಿ ತಾವು ನಡೆಸುತ್ತಿದ್ದ ಆಶ್ರಯಗೃಹಕ್ಕೆ ರಮಾಬಾಯಿಯವರನ್ನು ಕಳುಹಿಸಿದರು. ದಾರಿ ತಪ್ಪಿದವರೆಂದು ಸಮಾಜವು ಹೊರದೂಡಿದ ಸ್ತ್ರೀಯರು ಅಲ್ಲಿದ್ದರು. ಅಂಥವರನ್ನು ಸನ್ಯಾಸಿನಿಯರು ಮೈದಡವಿ ಆದರಿಸುತ್ತಿದ್ದುದನ್ನು ಕಂಡು ರಮಾಬಾಯಿಯವರು ವಿಸ್ಮಿತರಾದರು. ಇಂಥ ಕರುಣೆಯ ಮೂಲವೇನೆಂದು ವಿಚಾರಿಸಿದರು. ಸಮಾರ್ಯದ ಹೆಂಗಸಿನೊಡನೆ ಯೇಸುಕ್ರಿಸ್ತನು ತಿರಸ್ಕಾರವಿಲ್ಲದೆ ಮಾತನಾಡಿದ ಕಥೆಯನ್ನು ಅವರು ಉತ್ತರವಾಗಿ ಕೇಳಿದರು. ವಾದದಲ್ಲಿ ಪಂಡಿತರನ್ನು ಎದುರಿಸಬಲ್ಲ ಈ ವಿದುಷಿಯ ಮನಸ್ಸನ್ನು ಒಲಿಸಿಕೊಂಡುದು ವಾದವಲ್ಲ, ಆಚರಣೆ. 1883ರ ಸಪ್ಟಂಬರ 29ರಂದು ಅವರು ದೀಕ್ಷಾಸ್ನಾನವನ್ನು ಪಡೆದರು. ಆದರೂ ಸ್ವಂತ ವಿಚಾರವನ್ನು ಯಾರಿಗೂ ಒಪ್ಪಿಸಿಬಿಡಲಿಲ್ಲ. ಸಸ್ಯಾಹಾರವನ್ನು ಬಿಡಲಿಲ್ಲ, ಉಡುಪನ್ನು ಬದಲಿಸಲಿಲ್ಲ; ತಮಗೆ ಒಪ್ಪಿಗೆಯಾಗದ ಮತಸಿದ್ಧಾಂತಗಳನ್ನು ಕುರಿತು ತಮ್ಮನ್ನು ಸಾಕುತ್ತಿದ್ದವರೊಡನೆಯೇ ನೇರವಾಗಿ ಚರ್ಚಿಸಿದರು. ವಿನಯವೆಂದರೆ ಕುರುಡು ವಿಧೇಯತೆಯಲ್ಲವೆಂಬುದಕ್ಕೆ ಇದು ನಿದರ್ಶನ.

1886ರಲ್ಲಿ, ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕಾಗಿ ರಮಾಬಾಯಿಯವರು ಅಮೆರಿಕಕ್ಕೆ ಹೋದರು. ಅಲ್ಲಿ ಉಪನ್ಯಾಸಗಳನ್ನಿತ್ತು, ಗ್ರಂಥ ಬರೆದು, ವಿಧವೆಯರ ಶಾಲೆಗಾಗಿ ಸಹಾಯವನ್ನು ಸಂಗ್ರಹಿಸಿದರು. ಸ್ವದೇಶಕ್ಕೆ ಮರಳಿ 1889ರ ಮಾರ್ಚ್ 11ರಂದು ನಮ್ಮ ಈ ಮುಂಬಯಿಯಲ್ಲಿಯೇ ಶಾರದಾ ಸದನವನ್ನು ತೆರೆದರು. ಅಲ್ಲಿಯ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಎಂಬಾಕೆ ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಪತ್ನಿಯಾಗಿ ಅವರ ಸ್ತ್ರೀಶಿಕ್ಷಣ ಕಾರ್ಯದಲ್ಲಿ ಭಾಗಿಯಾದರು. 1890ರಲ್ಲಿ ಸದನವು ಪುಣೆಗೆ ಸ್ಥಳಾಂತರಗೊಂಡಿತು.

ಸದನದಲ್ಲಿ ಹುಡುಗಿಯರು ತಮ್ಮ ತಮ್ಮ ಮನೆತನದ ಆಚಾರದಂತೆ ಊಟ-ಪೂಜೆಗಳನ್ನು ನಡೆಸಲು ಅಡ್ಡಿಯಿರಲಿಲ್ಲ. ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ತಾವು ಮಾಡಿಕೊಳ್ಳುತ್ತಿದ್ದರು. ಆದರೆ ಆ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಒಳಗೆ ಹೋಗಿ ಕುಳಿತುಕೊಳ್ಳತೊಡಗಿದಾಗ ಊರಿನಲ್ಲಿ ಕೋಲಾಹಲವೆದ್ದಿತು. ಮಕ್ಕಳು ಮತಾಂತರ ಹೊಂದುವರೆಂಬ ಭಯ ಪಾಲಕರದು. ವಿಶ್ವಾಸವಿಟ್ಟು ಕಳುಹಿಸಿದವರಿಗೆ ಆ ಭಯವುಂಟಾದುದು ಅಸಹಜವೇನೂ ಅಲ್ಲ. ಬಾಗಿಲು ಮುಚ್ಚಿ ತನ್ನ ನಂಬಿಕೆಯನ್ನು ಬಚ್ಚಿಟ್ಟುಕೊಳ್ಳುವುದು ಕಪಟವಾಗುವುದೆಂಬ ನಿಲುವು ರಮಾಬಾಯಿಯವರದು. 1893ರಲ್ಲಿ ಸಲಹಾ ಸಮಿತಿಯಲ್ಲಿದ್ದ ನ್ಯಾಯಮೂರ್ತಿ ರಾನಡೆ ಮತ್ತು ಡಾ. ಭಾಂಡಾರಕರರಂಥ ಹಿರಿಯರು ರಾಜೀನಾಮೆಯಿತ್ತರು. ಹಲವು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಪತ್ರಿಕೆಗಳಲ್ಲಿ ಕಟುವಾದ ಟೀಕೆಗಳು ಬಂದವು. ರಮಾಬಾಯಿಯವರು ಕೆಲಸವನ್ನು ನಿಲ್ಲಿಸಲಿಲ್ಲ. ಉಳಿದ ಮಕ್ಕಳ ಪಾಠಗಳು ಎಂದಿನಂತೆ ಸಾಗಿದವು.

ಅವರ ಸತ್ಯನಿಷ್ಠೆಯು ಸ್ವಮತೀಯರೆಂದು ಯಾರಿಗೂ ರಿಯಾಯಿತಿ ತೋರುವಂಥದಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸರಕಾರಿ ಪ್ಲೇಗು ಆಸ್ಪತ್ರೆಯ ವ್ಯವಸ್ಥೆಯನ್ನೂ ಅಲ್ಲಿ ಸ್ತ್ರೀಯರಿಗೆ ರಕ್ಷಣೆಯಿಲ್ಲದುದನ್ನೂ ಖಂಡಿಸಿ ಅವರು ಮುಂಬಯಿಯ ಪತ್ರಿಕೆಯೊಂದಕ್ಕೆ ಬಹಿರಂಗ ಪತ್ರ ಬರೆದರು. ಆಳುವವರು ಕ್ರೈಸ್ತರೆಂಬ ಕಾರಣಕ್ಕೆ ಅವರು ಸುಮ್ಮನಿರಲಿಲ್ಲ.

ಅದೇ ಕಾಲದಲ್ಲಿ, 1896-97ರಲ್ಲಿ, ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮ ಬಿದ್ದಿತು. ಸುದ್ದಿ ಕೇಳಿದೊಡನೆ ರಮಾಬಾಯಿಯವರಿಗೆ ತಮ್ಮ ಬಾಲ್ಯದ ಹಸಿವು ನೆನಪಾಯಿತು. ತಾವೇ ಅಲ್ಲಿಗೆ ಹೋಗಿ ಕ್ಷಾಮ ಶಿಬಿರಗಳನ್ನು ಕಂಡರು. ಎಲುಬು-ಚರ್ಮವಾಗಿದ್ದ ಅನಾಥ ಹುಡುಗಿಯರನ್ನು ತಂಡತಂಡವಾಗಿ ಕರೆತಂದರು. ಅವರ ಸಂಖ್ಯೆ ಸುಮಾರು 300ಕ್ಕೆ ಮುಟ್ಟಿತು. ಪ್ಲೇಗಿನ ದೆಸೆಯಿಂದ ಅವರನ್ನು ಪುಣೆಯಲ್ಲಿ ಇರಿಸುವಂತಿರಲಿಲ್ಲ. ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಹೊಲದಲ್ಲಿ ಡೇರೆ-ಗುಡಿಸಲುಗಳನ್ನು ಹಾಕಿ ಇರಿಸಿದರು. ಹೀಗೆ ಮುಕ್ತಿ ಸದನ ಮೊದಲಾಯಿತು. 1900ರಲ್ಲಿ ಗುಜರಾತಿನ ಕಡೆ ಮತ್ತೆ ಕ್ಷಾಮವಾದಾಗ ಇನ್ನೂ ನೂರಾರು ಹುಡುಗಿಯರು ಬಂದರು. ನಿವಾಸಿಗಳು ಸುಮಾರು 1500 ಮಂದಿಯಾದರು.

ಇಷ್ಟು ಜನರಿಗೆ ದಿನವೂ ಅನ್ನ ಬಡಿಸಬೇಕು, ರೋಗಿಗಳನ್ನು ತೊಳೆದು ಔಷಧ ಹಚ್ಚಬೇಕು, ಅಕ್ಷರ ಕಲಿಸಬೇಕು. ಮುಕ್ತಿಯಲ್ಲಿ ಬಾವಿಗಳನ್ನು ತೋಡಿದರು, ಹೊಲ-ತೋಟಗಳನ್ನು ಮಾಡಿದರು, ದನಗಳನ್ನು ಸಾಕಿದರು. ಮಗ್ಗ, ಎಣ್ಣೆಯ ಗಾಣ, ಮುದ್ರಣಾಲಯ ಇವೆಲ್ಲವನ್ನೂ ಹೆಣ್ಣುಮಕ್ಕಳೇ ನಡೆಸಿದರು. ದಾನವನ್ನು ತಿಂದು ಕುಳಿತಿರುವುದು ಮನುಷ್ಯನ ಮಾನಕ್ಕೆ ಕುಂದು, ಕೈಕೆಲಸ ಬಲ್ಲವಳು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ ಎಂಬುದು ಅಲ್ಲಿಯ ನೀತಿ. ಕುರುಡರಿಗೊಂದು ಮನೆ, ಮುದುಕಿಯರಿಗೊಂದು ಮನೆ. ಸಮಾಜವು ಪತಿತೆಯರೆಂದು ದೂರವಿಟ್ಟವರಿಗೂ ಅಲ್ಲಿ ಕೃಪಾ ಸದನವೆಂಬ ಒಂದು ಮನೆಯಿದ್ದಿತು. ಫುಲಂನಲ್ಲಿ ಕಂಡು ಬೆರಗಾದ ಕರುಣೆಯನ್ನು ರಮಾಬಾಯಿಯವರು ಕೇಡಗಾಂವದ ಕಪ್ಪು ಮಣ್ಣಿನಲ್ಲಿ ನೆಟ್ಟು ಬೆಳೆಸಿದರು. ಇಷ್ಟೆಲ್ಲದರ ಒಡತಿಯಾದರೂ ಅವರ ಉಡುಗೆ ಬಿಳಿಯ ಹತ್ತಿಯ ಸೀರೆ, ಊಟ ಸರಳವಾದುದು.

ಕನ್ನಡ ನಾಡಿಗೂ ಈ ಸೇವೆ ಹರಿದು ಬಂದಿತು. ಅಂದು ನಿಜಾಮನ ಸೀಮೆಗೆ ಸೇರಿದ್ದ ಕಲಬುರಗಿಯಲ್ಲಿ 1912ರ ಸುಮಾರಿಗೆ ರಮಾಬಾಯಿಯವರು ಶಾಲೆಯೊಂದನ್ನು ತೆರೆದರು. ಮಗಳು ಮನೋರಮಾ ಅದರ ಮುಖ್ಯಾಧ್ಯಾಪಕಿಯಾದರು.

ಇಳಿವಯಸ್ಸಿನಲ್ಲಿ ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಮರಾಠಿಗೆ ಅನುವಾದಿಸತೊಡಗಿದರು. ಹಳ್ಳಿಯ ಹೆಂಗಸೂ ಓದಿ ತಿಳಿಯುವಂಥ ಸುಲಭವಾದ ಮರಾಠಿ ಅವರಿಗೆ ಬೇಕಾಗಿತ್ತು. ಅಚ್ಚುಮೊಳೆಗಳನ್ನು ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1919ರಲ್ಲಿ ಸರಕಾರವು ಕೈಸರ್-ಎ-ಹಿಂದ್ ಪದಕವನ್ನಿತ್ತಿತು. 1921ರಲ್ಲಿ, ತಮ್ಮ ನಂತರ ಸಂಸ್ಥೆಯ ಹೊರೆ ಹೊರಬೇಕಾಗಿದ್ದ ಮಗಳು ಮನೋರಮಾ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಕೊನೆಗೆ ಮಗಳು: ಹೀಗೆ ತನ್ನವರೆಲ್ಲರನ್ನೂ ಕಳೆದುಕೊಂಡ ಆ ತಾಯಿ ಮತ್ತೆ ಅನುವಾದದ ಹಾಳೆಗಳ ಮುಂದೆ ಕುಳಿತರು. ಕಾರ್ಯವನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. 1989ರಲ್ಲಿ ಭಾರತ ಸರಕಾರವು ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರಡಿಸಿತು. ಕೇಡಗಾಂವದ ಸಂಸ್ಥೆ ಇಂದಿಗೂ ನಡೆದಿದೆ.

ವಿದ್ಯಾರ್ಥಿಮಿತ್ರರೇ, ರಮಾಬಾಯಿಯವರ ಮತ ಯಾವುದೆಂಬುದರ ಮೇಲೆ ಅವರ ಕಾಲದವರು ಬಹಳ ಚರ್ಚಿಸಿದರು. ಹಸಿದು ಬಂದ ಹುಡುಗಿಗೆ ಆ ಚರ್ಚೆ ಬೇಕಾಗಿರಲಿಲ್ಲ. ಬಡಿಸುವ ಕೈಯಲ್ಲಿ ತಿರಸ್ಕಾರವಿದೆಯೋ ಪ್ರೀತಿಯಿದೆಯೋ ಎಂಬುದಷ್ಟೇ ಆಕೆಗೆ ತಿಳಿಯುತ್ತಿತ್ತು. ನಾವು ಯಾವ ದೇವರಿಗೆ ಕೈಮುಗಿಯುವವರಾದರೂ ನಮ್ಮ ಧರ್ಮದ ಪರೀಕ್ಷೆ ನಡೆಯುವುದು ಇಂಥ ಕಡೆಯಲ್ಲಿಯೇ: ಮನೆಗೆಲಸಕ್ಕೆ ಬರುವ ಬಾಯಿಯೊಡನೆ ಆಡುವ ಮಾತಿನಲ್ಲಿ, ತರಗತಿಯಲ್ಲಿ ಒಂಟಿಯಾಗಿ ಕುಳಿತವನ ಪಕ್ಕದಲ್ಲಿ ಹೋಗಿ ಕೂರುವುದರಲ್ಲಿ, ಡಬ್ಬಿ ತಾರದೆ ಬಂದ ಸಹಪಾಠಿಗೆ ಅವನು ಕೇಳುವ ಮುನ್ನವೇ ನಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುವುದರಲ್ಲಿ. ಮುಂದಿನ ರಜೆಯಲ್ಲಿ ಗಾಡಿಯು ಕೇಡಗಾಂವವನ್ನು ದಾಟುವಾಗ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿರಿ. ಅನ್ಯರ ಬಾಗಿಲಲ್ಲಿ ಮಾತು ಹೊರಡದೆ ನಿಂತಿದ್ದ ಆ ಹುಡುಗಿಯನ್ನು ನೆನೆಯಿರಿ.