ನೂರು ಅಂಕಗಳ ದೈತ್ಯ ವಿಲ್ಟ್ ಚೇಂಬರ್ಲೇನ್

ವೃತ್ತಿಪರ ಬಾಸ್ಕೆಟ್‌ಬಾಲ್ ಇತಿಹಾಸದಲ್ಲಿ 1962ರ ಮಾರ್ಚ್ 2 ಮರೆಯಲಾಗದ ದಿನ. ಅಮೆರಿಕದ ಹರ್ಷೀ ಪಟ್ಟಣದಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಒಬ್ಬರೇ 100 ಅಂಕ ಗಳಿಸಿದರು. ವಾರಿಯರ್ಸ್ 169-147ರಿಂದ ಗೆದ್ದಿತು. ಮೂರು ಅಂಕದ ಎಸೆತ ಎನ್‌ಬಿಎಗೆ ಇನ್ನೂ ಬಂದಿರದ ಕಾಲವದು.

1936ರ ಆಗಸ್ಟ್ 21ರಂದು ಫಿಲಡೆಲ್ಫಿಯಾದಲ್ಲಿ ಜನಿಸಿದ ಚೇಂಬರ್ಲೇನ್ ಅವರ ಎತ್ತರ 7 ಅಡಿ 1 ಅಂಗುಲ. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಆಡಿ, ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಜತೆ ಒಂದು ವರ್ಷ ಕಳೆದು, 1959ರಲ್ಲಿ ಎನ್‌ಬಿಎ ಪ್ರವೇಶಿಸಿದರು. 1961-62ರ ಋತುವಿನಲ್ಲಿ ಪಂದ್ಯವೊಂದಕ್ಕೆ ಅವರ ಸರಾಸರಿ 50.4 ಅಂಕ.

ಫ್ರೀ ಥ್ರೋ ಮಾತ್ರ ಅವರ ದೌರ್ಬಲ್ಯವಾಗಿತ್ತು. ಆ ಋತುವಿನಲ್ಲಿ ಎರಡೂ ಕೈಗಳಿಂದ ಕೆಳಗಿನಿಂದ ಚೆಂಡನ್ನು ತೂರುವ ಕ್ರಮ ಅನುಸರಿಸಿದರು. ಹರ್ಷೀಯಲ್ಲಿ 32ರಲ್ಲಿ 28 ಎಸೆತ ಬುಟ್ಟಿ ಸೇರಿದವು. ಆದರೆ ಆ ಭಂಗಿ ನಗೆಗೀಡು ಎನಿಸಿ ಅದನ್ನು ಕೈಬಿಟ್ಟರು. ವೃತ್ತಿಜೀವನದ ಒಟ್ಟು ಫ್ರೀ ಥ್ರೋಗಳಲ್ಲಿ ಸಫಲವಾದದ್ದು ಅರ್ಧದಷ್ಟೇ.

ಅಂಕಗಳ ರಾಶಿಯೇ ಇದ್ದರೂ ಪ್ರಶಸ್ತಿ ದೂರವೇ ಉಳಿದಿತ್ತು. ಬಿಲ್ ರಸೆಲ್ ಅವರ ಬಾಸ್ಟನ್ ತಂಡ ಮತ್ತೆ ಮತ್ತೆ ಅಡ್ಡಬಂತು. ತಮ್ಮ ಎಸೆತ ತಗ್ಗಿಸಿ ಸಹ ಆಟಗಾರರಿಗೆ ಚೆಂಡು ನೀಡತೊಡಗಿದ ಋತುವಿನಲ್ಲೇ, 1967ರಲ್ಲಿ, ಫಿಲಡೆಲ್ಫಿಯಾ 76ರ್ಸ್ ಚಾಂಪಿಯನ್ ಆಯಿತು. 1972ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಪರ ಎರಡನೇ ಪ್ರಶಸ್ತಿ ದೊರೆಯಿತು.

1973ರಲ್ಲಿ ಎನ್‌ಬಿಎಯಿಂದ ನಿರ್ಗಮಿಸಿದಾಗ ಅವರ ಖಾತೆಯಲ್ಲಿದ್ದ ಅಂಕ 31,419. ಆ ದಾಖಲೆಯನ್ನು 1984ರಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಮುರಿದರು. 1999ರ ಅಕ್ಟೋಬರ್ 12ರಂದು, 63ನೇ ವಯಸ್ಸಿನಲ್ಲಿ, ಚೇಂಬರ್ಲೇನ್ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಹರ್ಷೀಯ ನೂರನ್ನು ಮಾತ್ರ ಯಾರೂ ದಾಟಿಲ್ಲ.