ಸಂಗೀತರತ್ನ ಖಾನ್‌ಸಾಹೇಬ ಅಬ್ದುಲ್ ಕರೀಮ್ ಖಾನರು

ಧಾರವಾಡ, ಹುಬ್ಬಳ್ಳಿ, ಗದಗುಗಳ ಸೀಮೆಯಲ್ಲಿ ಹಿಂದೂಸ್ತಾನಿ ಸಂಗೀತವು ಮನೆಮಾತಾಗಿ ಬಹುಕಾಲವಾಯಿತು. ಯಮುನಾತೀರದ ಆ ವಿದ್ಯೆಯು ಮಲಪ್ರಭೆ, ತುಂಗಭದ್ರೆಗಳ ನಡುವಣ ಈ ಕರಿಮಣ್ಣಿನ ನಾಡಿಗೆ ಬಂದ ಬಗೆಯನ್ನು ವಿಚಾರಿಸಹೊರಟರೆ, ಅರಸರ ಆಸ್ಥಾನಗಳೊಡನೆ ರೈಲು ನಿಲ್ದಾಣಗಳನ್ನೂ ಹುಡುಕಬೇಕಾಗುತ್ತದೆ. ತಂಬೂರಿಗೆ ಗವಸು ತೊಡಿಸಿಕೊಂಡು ಊರಿಂದೂರಿಗೆ ಹಾಡುತ್ತ ಸಾಗಿದ ಗಾಯಕರು ಆ ವಿದ್ಯೆಯನ್ನು ಇತ್ತ ತಂದರು. ಅವರಲ್ಲಿ ಅಗ್ರಗಣ್ಯರು ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು. ಅವರ ಆಯುಷ್ಯದ ಬಹುಪಾಲು ಸಂಚಾರದಲ್ಲಿ ಸಂದಿತು. ಅದರ ಕೊನೆಯೂ ಸಂಚಾರದಲ್ಲಿಯೇ ಒದಗಿತು.

ಖಾನ್‌ಸಾಹೇಬರು 1872ರಲ್ಲಿ ಯಮುನೆಗೆ ಸಮೀಪದ ಕೈರಾನಾ ಎಂಬ ಊರಿನಲ್ಲಿ ಜನಿಸಿದರು. ಆ ಊರಿನ ಹೆಸರೇ ಘರಾಣೆಗೆ ಕಿರಾಣಾ ಎಂದು ನಿಂತಿದೆ. ಮನೆತನದ ವೃತ್ತಿಯೇ ಸಂಗೀತ. ತಂದೆ ಕಾಲೇ ಖಾನರಿಂದಲೂ ಬಂಧುಗಳಿಂದಲೂ ಗಾಯನವನ್ನು ಕಲಿತುದಲ್ಲದೆ ಸಾರಂಗಿ, ಬೀನ್, ಸಿತಾರ್, ತಬಲಾಗಳ ಪರಿಚಯವನ್ನೂ ಪಡೆದರು. ವಾದ್ಯದ ಮೈಯನ್ನು ಬಲ್ಲ ಈ ಗುಣ ಮುಂದೆ ಪ್ರವಾಸದಲ್ಲಿ ಅವರಿಗೆ ಬಹಳ ಉಪಕರಿಸಿತು. ಹದಿಹರೆಯ ಕಳೆಯುವಷ್ಟರಲ್ಲಿ ತಮ್ಮ ಅಬ್ದುಲ್ ಹಕ್ ಅವರೊಡನೆ ಸಭೆಗಳಲ್ಲಿ ಹಾಡುತ್ತ ಹೊರಟು, ಸಯಾಜಿರಾವ್ ಗಾಯಕವಾಡರ ಬಡೋದೆಯನ್ನು ಸೇರಿ ಅಲ್ಲಿ ಆಸ್ಥಾನ ಗಾಯಕರಾದರು.

ಬಡೋದೆಯಲ್ಲಿಯೇ ನೆಲೆನಿಂತಿದ್ದರೆ ಮಾಸಾಶನವನ್ನು ಉಣ್ಣುತ್ತ ಸುಖವಾಗಿ ಬಾಳಬಹುದಾಗಿತ್ತು. ಆದರೆ ಅಲ್ಲಿಯ ಸರದಾರ ಮಾನೆ ಮನೆತನದ ತಾರಾಬಾಯಿಯವರಿಗೆ ಪಾಠ ಹೇಳುತ್ತಿದ್ದಾಗ ಗುರುಶಿಷ್ಯರಲ್ಲಿ ಅನುರಾಗ ಬೆಳೆಯಿತು. ಮತಭೇದ, ಅಂತಸ್ತಿನ ಭೇದ ಎರಡೂ ಅಡ್ಡಬಂದುವು. ಇಬ್ಬರೂ ಬಡೋದೆಯನ್ನು ತೊರೆದು ಮುಂಬಯಿಗೆ ಬಂದರು. ಕಾಲಾನಂತರ ಮಿರಜಿನಲ್ಲಿ ಮನೆ ಹೂಡಿದರು. ಆಸ್ಥಾನದ ಆಸರೆ ತಪ್ಪಿದ ಗಾಯಕನಿಗೆ ಉಳಿದ ಆಸ್ತಿ ಕಂಠವೊಂದೇ. ಕರೆದಲ್ಲಿಗೆ ಹೋಗುವುದು, ಹಾಡುವುದು, ಬಿದಾಗಿ ಪಡೆದು ಮುಂದಿನ ಊರಿಗೆ ನಡೆಯುವುದು, ಇದೇ ಅಂದಿನಿಂದ ಜೀವನಕ್ರಮವಾಯಿತು.

ಈ ಕ್ರಮ ಕೇಳುವುದಕ್ಕೆ ಸರಳವಾಗಿದ್ದರೂ ನಡೆಸುವುದಕ್ಕೆ ಕಠಿಣ. ಒಂದೂರಲ್ಲಿ ಸಂಸ್ಥಾನಿಕರ ದರ್ಬಾರು, ಮತ್ತೊಂದೂರಲ್ಲಿ ಸಾಹುಕಾರರ ಮನೆಯ ಬೈಠಕ್, ಮಗುದೊಂದರಲ್ಲಿ ಟಿಕೆಟ್ಟು ಕೊಂಡು ಬಂದ ಜನರಿಂದ ತುಂಬಿದ ನಾಟಕಗೃಹ. ಅರಸನನ್ನು ಒಲಿಸಿದ ಚೀಜು ಪೇಟೆಯ ಜನಕ್ಕೆ ಹಿಡಿಸಬೇಕೆಂದಿಲ್ಲ. ಇದಕ್ಕೂ ಮಿಗಿಲಾದ ಚಿಂತೆ ತಂಬೂರಿಯದು. ಆಳುದ್ದದ ಆ ವಾದ್ಯದ ಬುಡ ಒಣಗಿದ ಸೋರೆಬುರುಡೆ. ಗಾಡಿಯಲ್ಲಿ ಒಂದು ಪೆಟ್ಟಿಗೆ ತಗಲಿದರೆ ಸೀಳುತ್ತದೆ. ಹವೆ ಬದಲಾದರೆ ಮರ ಉಬ್ಬಿ ಕುಗ್ಗುತ್ತದೆ, ತಂತಿಯ ಶ್ರುತಿ ಜಾರುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗಿಡುವ ನೂಲಿನೆಳೆ ಕೂದಲಷ್ಟು ಸರಿದರೂ ಜವಾರಿ ಕೆಟ್ಟು ನಾದ ಮಂಕಾಗುತ್ತದೆ. ಮಿರಜಿನ ಒಣಹವೆಯಲ್ಲಿ ಕೂಡಿಸಿದ ಶ್ರುತಿ ಮದರಾಸಿನ ಕಡಲ ಗಾಳಿಯಲ್ಲಿ ನಿಲ್ಲುವುದೆಂತು? ಆದಕಾರಣ ಖಾನ್‌ಸಾಹೇಬರು ವಾದ್ಯದ ದುರಸ್ತಿಯನ್ನು ತಾವೇ ಕೈಯಾರೆ ಮಾಡಿಕೊಳ್ಳುತ್ತಿದ್ದರು. ತಂಬೂರಿ ಮನಸ್ಸಿಗೆ ಬರುವವರೆಗೆ ಅವರು ಹಾಡಲು ತೊಡಗುತ್ತಿರಲಿಲ್ಲ. ಸಂಚಾರಿಗೆ ಊರು ಬದಲಾಗುತ್ತದೆ, ಊಟ ಬದಲಾಗುತ್ತದೆ. ಷಡ್ಜ ಮಾತ್ರ ಬದಲಾಗಕೂಡದು. ಸ್ವರದ ಈ ನಿಖರತೆಯಿಂದಲೇ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ ಇಪ್ಪತ್ತೆರಡು ಶ್ರುತಿಗಳ ಶೋಧನೆಗೆ ಇವರ ಕಂಠವನ್ನು ಆಶ್ರಯಿಸಿದರು.

ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಅವರನ್ನು ಮತ್ತೆ ಮತ್ತೆ ಬರಮಾಡಿಕೊಂಡಿತು. ಸಂಗೀತರತ್ನ ಎಂಬ ಬಿರುದು ಅಲ್ಲಿಯದೇ. ದಕ್ಷಿಣದ ವಿದ್ವಾಂಸರ ಗಾನವನ್ನು ಅವರು ಅತಿಥಿಯ ದಾಕ್ಷಿಣ್ಯದಿಂದ ಕೇಳಿ ಬಿಡಲಿಲ್ಲ. ವಿದ್ಯಾರ್ಥಿಯ ಶ್ರದ್ಧೆಯಿಂದ ಕೇಳಿದರು. ಅವರ ಗಾಯನದ ಸರ್ಗಮ್‌ಗೆ ಕರ್ಣಾಟಕ ಸಂಗೀತದ ಸ್ವರಕಲ್ಪನೆಯ ಕಾಂತಿ ಬಂದುದು ಈ ಸಹವಾಸದಿಂದ ಎಂಬುದು ಸಂಗೀತಜ್ಞರ ಮತ. ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಅವರು ಗ್ರಾಮಫೋನ್ ತಟ್ಟೆಗೂ ಹಾಡಿದ್ದಾರೆ. ಆ ಕಾಲದಲ್ಲಿ ಉತ್ತರಾದಿಯ ಉಸ್ತಾದನೊಬ್ಬನು ಹೀಗೆ ಮಾಡಿದುದು ಅಲ್ಪ ಸಂಗತಿಯಲ್ಲ.

ಮಿರಜಿಗೂ ಮೈಸೂರಿಗೂ ನಡುವೆ ಆಗ ಮೀಟರ್ ಗೇಜ್ ಹಳಿಯ ದೀರ್ಘ ಪ್ರಯಾಣವಿತ್ತು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ದಾಟಿದೊಡನೆ ಕುಂದಗೋಳವೆಂಬ ಸಣ್ಣ ನಿಲ್ದಾಣ ಬರುತ್ತದೆ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ಊರಿನ ನಾಡಿಗೇರರ ವಾಡೆ ಖಾನ್‌ಸಾಹೇಬರ ದಾರಿಯ ತಂಗುದಾಣವಾಯಿತು. ದಣಿದ ಗಾಯಕರಿಗೆ ಅಲ್ಲಿ ವಿಶ್ರಾಂತಿ, ಊರವರಿಗೆ ಗಾನದ ಸುಗ್ಗಿ. ಅಲ್ಲಿಯೇ ರಾಮಚಂದ್ರನೆಂಬ ಸ್ಥಳದ ತರುಣನು ಅವರ ಶಿಷ್ಯವೃತ್ತಿಗೆ ಸೇರಿದನು. 1886ರಲ್ಲಿ ಹುಟ್ಟಿದ ಆತನ ಕಂಠ ಪ್ರಾಯದ ದೆಸೆಯಿಂದ ಒಡೆದು ಒರಟಾಗಿತ್ತು. ಅಂಥ ಕಂಠವನ್ನು ವರುಷಗಟ್ಟಲೆ ಪಲಟಗಳಿಂದ ತಿಕ್ಕಿ ತೀಡಿ ಹಾಡುವ ಹದಕ್ಕೆ ತಂದುದು ಖಾನ್‌ಸಾಹೇಬರ ತಾಳ್ಮೆ. ಆ ತರುಣನೇ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದನು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಮೊದಲಾದವರು ಕಲಿತರು. ಗಂಗೂಬಾಯಿಯವರಂತೂ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಅದೇ ಹಳಿಯ ಮೇಲೆ ರೈಲಿನಲ್ಲಿ ಹೋಗಿ ಪಾಠ ಮುಗಿಸಿ ಹಿಂದಿರುಗುತ್ತಿದ್ದರು. ದಾರಿಹೋಕನೊಬ್ಬನು ತಂಗಿದ ವಾಡೆಯಲ್ಲಿ ಇಂಥದೊಂದು ಶಿಷ್ಯಪರಂಪರೆ ಮೊಳೆಯಿತು.

ಖಾನ್‌ಸಾಹೇಬರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ವಿದ್ಯಾರ್ಥಿಗಳಿಗೆ ಅನ್ನ, ವಸತಿ, ವಿದ್ಯೆ ಎಲ್ಲವೂ ಗುರುವಿನ ಹೊಣೆ. ಅನ್ನಛತ್ರದೊಡನೆ ಪಾಠಶಾಲೆ ನಡೆಸುವ ಕಷ್ಟವನ್ನು ಬಲ್ಲವರೇ ಬಲ್ಲರು! ಬೆನ್ನಿಗೆ ದತ್ತಿಯಿಲ್ಲ, ಉಂಬಳಿಯಿಲ್ಲ. ಒಲೆ ಉರಿಯಬೇಕಾದರೆ ಗುರುವು ಮತ್ತೆ ರೈಲು ಹತ್ತಬೇಕು, ಟಿಕೆಟ್ಟಿನ ಕಚೇರಿಗಳನ್ನು ನಡೆಸಬೇಕು. ಶಾಲೆಗಾಗಿ ಸಂಚಾರ, ಸಂಚಾರದಿಂದ ಶಾಲೆಗೆ ಗುರುವಿನ ಗೈರುಹಾಜರಿ ಎಂಬ ಈ ಸುಳಿಯಲ್ಲಿ ವಿದ್ಯಾಲಯ ಬಹುಕಾಲ ಬಾಳಲಿಲ್ಲ.

ಸಂಸಾರವೂ ಉಳಿಯಲಿಲ್ಲ. 1922ರಲ್ಲಿ ತಾರಾಬಾಯಿಯವರು ಐವರು ಮಕ್ಕಳೊಡನೆ ಬೇರೆಯಾದರು. ಮಕ್ಕಳು ತಂದೆಯಿಟ್ಟ ಹೆಸರುಗಳನ್ನು ಕಳಚಿ ಬೇರೆ ಹೆಸರುಗಳಿಂದ ಬೆಳೆದರು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತಿ ರಾಣೆ ಎಂದು ಸಂಗೀತಲೋಕ ಗೌರವಿಸಿದವರು ಇವರೇ. ಈ ಅಗಲಿಕೆಯಲ್ಲಿ ಯಾರ ತಪ್ಪು ಎಷ್ಟೆಂದು ತೂಗುವುದು ಉಚಿತವಲ್ಲ. ಆದರೂ ತಿಂಗಳುಗಟ್ಟಲೆ ಪ್ರವಾಸದಲ್ಲಿರುವವನ ಮನೆಯ ಭಾರ ಮನೆಯಲ್ಲಿ ಉಳಿದವಳ ಹೆಗಲಿಗೆ ಬೀಳುತ್ತದೆಂಬ ಮಾತನ್ನು ಖಾನ್‌ಸಾಹೇಬರ ಭಕ್ತರು ಮರೆತು ಬರೆಯುವುದುಂಟು, ಅದು ನ್ಯಾಯವಲ್ಲ. ಹೀರಾಬಾಯಿಯವರು ತಂದೆಯ ಸೋದರಸಂಬಂಧಿ ಅಬ್ದುಲ್ ವಹೀದ್ ಖಾನರಲ್ಲಿ ಕಲಿತರು. ಟಿಕೆಟ್ಟಿಟ್ಟು ಸಾರ್ವಜನಿಕ ಕಚೇರಿ ನಡೆಸಿದ ಮೊದಲ ಸ್ತ್ರೀಯರ ಸಾಲಿನಲ್ಲಿ ನಿಂತು, ಅವರೂ ತಂದೆಯಂತೆ ದೇಶವನ್ನೆಲ್ಲ ಸುತ್ತಿದರು.

ಅಲ್ಲಿಂದ ಮುಂದೆ ಮಿರಜೇ ಖಾನ್‌ಸಾಹೇಬರ ನೆಲೆ. ಅಲ್ಲಿಯ ಮೀರಾಸಾಹೇಬರ ದರ್ಗಾದಲ್ಲಿ ಅವರಿಗೆ ಪರಮ ನಿಷ್ಠೆ. ಉರುಸಿನಲ್ಲಿ ಅವರ ಗಾನಸೇವೆ ನಡೆಯುತ್ತಿತ್ತು. ಕೊನೆಯ ವರ್ಷಗಳಲ್ಲಿ ಹಾಡಿದ ತಟ್ಟೆಗಳಿಂದ ಝಿಂಝೋಟಿ, ಭೈರವಿ ಠುಮರಿಗಳು ಅವರು ಕಾಲಿಡದ ಊರುಗಳಿಗೂ ಹೋದವು. ಗದಗಿನ ಬಾಲಕ ಭೀಮಸೇನನ ಮನಸ್ಸನ್ನು ಸೂರೆಗೊಂಡುದು ಅವರ ಝಿಂಝೋಟಿಯೇ.

1937ರಲ್ಲಿ ಅರುವತ್ತೈದರ ಅಂಚಿನಲ್ಲಿದ್ದ ಖಾನ್‌ಸಾಹೇಬರು ಮದರಾಸಿನಲ್ಲಿ ಹಾಡಿ, ಶ್ರೀ ಅರವಿಂದರ ಆಶ್ರಮದಲ್ಲಿ ಹಾಡುವ ಸಲುವಾಗಿ ಶಿಷ್ಯರೊಡನೆ ಪಾಂಡಿಚೇರಿಯ ರೈಲು ಹತ್ತಿದರು. ರಾತ್ರಿ ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಚೆಂಗಲ್ಪಟ್ಟಿಗೆ ಮುನ್ನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ಹಾಸಿಗೆ ಬಿಚ್ಚಿ ಹಾಸಲಾಯಿತು. ಶಿಷ್ಯಪರಂಪರೆಯಲ್ಲಿ ಬಂದ ವೃತ್ತಾಂತದಂತೆ, ಅವರು ನಮಾಜು ಮಾಡಿ, ತಂಬೂರಿಯನ್ನು ಗವಸಿನಿಂದ ತೆಗೆಸಿ ಶ್ರುತಿ ಕೂಡಿಸಿ, ದರ್ಬಾರಿಯಲ್ಲಿ ದೇವರ ಪ್ರಾರ್ಥನೆಯನ್ನು ಹಾಡುತ್ತ ಅಕ್ಟೋಬರ್ 27ರಂದು ಕೊನೆಯುಸಿರೆಳೆದರು. ಮಿರಜಿನಲ್ಲಿ ಮೀರಾಸಾಹೇಬರ ದರ್ಗಾದ ಆವರಣದಲ್ಲಿಯೇ, ತಾವು ಉರುಸಿಗೆ ಹಾಡುತ್ತಿದ್ದ ತಾಣದಲ್ಲಿ, ಅವರ ಸಮಾಧಿಯಿದೆ.